ಊಟದ ಮುಂದೆ ಎತ್ತಿದ ಕೈ

ಬಿಲ್ಲು ನಾನು ಕೊಡಬೇಕಿತ್ತು. ಬಾಣ ಅವಳ ಕಡೆಯಿಂದ ಬಂತು. ಬಿಸಿ ಸಾಂಬಾರಿನ ಬಟ್ಟಲು ನೇರವಾಗಿ ನನ್ನ ಮೊಣಕೈಗೆ.

ನಿಗಡಿಯಲ್ಲಿ ನಮ್ಮ ಮಾವನ ಹೋಟೆಲಿದೆ. ಅದರ ಕೌಂಟರಿನಲ್ಲಿ ಕೂತು ಗಿರಾಕಿಗಳ ದನಿಯನ್ನು ಅಣಕಿಸಿ ತೆಗೆಯುವುದು ನನ್ನ ಹುಚ್ಚು. ಆ ಮಧ್ಯಾಹ್ನ ಅಡುಗೆಯ ಸಂಕಪ್ಪಣ್ಣನನ್ನು ನಗಿಸಲು, ಹಿಂದಿನ ಭಾನುವಾರ ಬಂದಿದ್ದ ಮೀಸೆಯ ಗಿರಾಕಿಯೊಬ್ಬರ ಗರ್ಜನೆ ತೆಗೆದಿದ್ದೆ: "ಇದೇನ ಸಾರೇನಲೇ? ತಾಟು ಒಗದೆ ನೋಡ!"

ಪಕ್ಕದ ಟೇಬಲಿನ ಹುಡುಗಿ ಥಟ್ಟನೆ ಎದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕೈಗೆ ಸಿಕ್ಕಿದ್ದನ್ನು ದನಿ ಬಂದ ಕಡೆಗೆ ಎಸೆದಳು.

ಆಮೇಲೆ ತಾನೇ ಓಡಿ ಬಂದು ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. "ತಪ್ಪಾತ್ರಿ. ಅದು ನಮ್ಮ ಅಪ್ಪನ ದನಿ."

"ಅಷ್ಟು ಚೆನ್ನಾಗಿ ಬಂತಾ?"

ನಗಲಿಲ್ಲ. ತುಟಿಯ ಒಂದು ಮೂಲೆ ಮಾತ್ರ ಸಡಿಲವಾಯಿತು. ಅವತ್ತೇ ನಾನು ಆ ಮೂಲೆಯಲ್ಲಿ ಬಾಡಿಗೆಗೆ ಇಳಿದುಬಿಟ್ಟೆ.

ಹೆಸರು ಶಿವಾನಿ. ಪಕ್ಕದ ಆಕುರ್ಡಿಯಲ್ಲಿ ಆಫೀಸು, ಮಧ್ಯಾಹ್ನದ ಊಟ ನಮ್ಮಲ್ಲಿ. ತಟ್ಟೆ ಮುಂದಿಟ್ಟ ಕೂಡಲೇ ಅನ್ನುತ್ತಿದ್ದಳು, "ಭಾಳ ಛಲೋ ಆಗ್ಯದ."

"ಇನ್ನೂ ಬಾಯಿಗೇ ಹಾಕಿಲ್ಲ ಮಾರಾಯ್ತಿ!"

ಕಾರಣ ಹೇಳಲು ಅವಳಿಗೆ ಒಂದು ಮಳೆಗಾಲವೇ ಬೇಕಾಯಿತು. "ದೇವರಿಗೆ ನೈವೇದ್ಯ ತೋರಸೋ ತನಕ ನಮ್ಮ ಅವ್ವ ಅಡಗಿ ರುಚಿ ನೋಡಂಗಿಲ್ಲ. ಉಪ್ಪು ಹೆಚ್ಚೋ ಕಡಿಮೋ ಗೊತ್ತಾಗೋದು ಅಪ್ಪನ ಬಾಯಾಗ. ಅಷ್ಟರಾಗ ತಾಟು ಗ್ವಾಡಿಗೆ, ಇಲ್ಲಾ ಅವ್ವಗ. ಅದಕ್ಕ ನಾ ಮೊದಲ ಛಲೋ ಅಂದುಬಿಡ್ತಿದ್ದೆ. ಒಮ್ಮೊಮ್ಮೆ ಅಪ್ಪ ನಂಬತಿದ್ದ."

ನನ್ನ ಹತ್ತಿರ ಜೋಕಿರಲಿಲ್ಲ. ಇದ್ದ ಒಂದೇ ಮಾತು ಕೇಳಿದೆ. "ನನ್ನನ್ನು ಮದುವೆ ಆಗ್ತೀಯಾ?"

ಅವಳು ನನ್ನ ಮುಖ ಬಿಟ್ಟು ಕೈ ನೋಡಿದಳು. "ಸಿಟ್ಟು ಬಂದಾಗ ಇದು ಏನ್ ಮಾಡ್ತದ ಅಂತ ನನಗ ಗೊತ್ತಿಲ್ಲ, ನಿತಿನ. ಗೊತ್ತಾಗೂ ತನಕ ಹೂಂ ಅನ್ನಂಗಿಲ್ಲ. ಚಂಪಾಷಷ್ಠಿ ಹಬ್ಬಕ್ಕ ಮನಿಗೆ ಬಾ. ನಮ್ಮ ಊಟ ನೋಡು."

ಹೋದೆ. ಅವಳಪ್ಪ ಹೊಳಬಸಪ್ಪ, ಬೇಳೆಕಾಳಿನ ವ್ಯಾಪಾರಿ, ಅದೇ ಮೀಸೆಯ ಗಿರಾಕಿ, ಬಾಗಿಲಿಗೇ ಬಂದರು. "ಬರ್ರಿ ಬರ್ರಿ. ಹೋಟೆಲ್ನವರು ಇವತ್ತ ಮನಿ ಊಟ ಮಾಡ್ರಿ." ಹೋಟೆಲಿನಲ್ಲಿ ಆ ಗರ್ಜನೆ ಕೇಳಿರದಿದ್ದರೆ, ಇಂಥವರು ತಟ್ಟೆ ಎಸೆಯುತ್ತಾರೆಂದು ನಾನೂ ನಂಬುತ್ತಿರಲಿಲ್ಲ.

ತಾಯಿ ಕಲ್ಲವ್ವ ಮನೆದೇವರು ಜೇಜುರಿ ಖಂಡೋಬಾನ ಫೋಟೋದ ಮುಂದೆ ಸುಟ್ಟ ಬದನೆಕಾಯಿಯ ಭರ್ತ, ಸಜ್ಜಿ ರೊಟ್ಟಿ ಇಟ್ಟು ಕೈಮುಗಿದು, ನಮಗೆ ಬಡಿಸಿದರು. ಅತಿಥಿ ಬಂದ ಗಾಬರಿಗೆ ಭರ್ತಕ್ಕೆ ಎರಡು ಸಲ ಉಪ್ಪು ಬಿದ್ದಿತ್ತು.

"ಭಾಳ ಛಲೋ..." ಎಂದು ಶಿವಾನಿ ಶುರು ಮಾಡುವಷ್ಟರಲ್ಲಿ ಹಿತ್ತಾಳೆಯ ತಾಟು ಹಾರಿತು. ಕಲ್ಲವ್ವನ ಹುಬ್ಬು ಸೀಳಿ, ರೊಟ್ಟಿಯ ಮೇಲೆ ರಕ್ತ ತೊಟ್ಟಿಕ್ಕಿತು. ಹೊಳಬಸಪ್ಪ ಎರಡನೇ ತಾಟಿಗೆ ಕೈ ಹಾಕಿದರು.

ತುಂಬಿದ ತಂಬಿಗೆ ನನ್ನ ಕೈಗೆ ಯಾವಾಗ ಬಂತೋ. ಅವರ ತಲೆಯ ಮೇಲೆ ಎತ್ತಿ ಹಿಡಿದಿದ್ದೆ. "ಹೊಡದೆ ನೋಡ!" ಗಂಟಲಿನಿಂದ ಬಂದದ್ದು ಅವರದೇ ದನಿ. ಈ ಸಲ ನಾನು ಅನುಕರಿಸಿರಲಿಲ್ಲ.

ತಾಯಿಯನ್ನು ಅವಚಿಕೊಂಡಿದ್ದ ಶಿವಾನಿ ಅಪ್ಪನನ್ನು ನೋಡುತ್ತಿರಲಿಲ್ಲ. ನನ್ನ ಕೈಯನ್ನು ನೋಡುತ್ತಿದ್ದಳು.

ತಂಬಿಗೆ ಇಳಿಸಿದೆ. ಅದಕ್ಕಿಂತ ಭಾರವಾದದ್ದನ್ನು ನಾನು ಎಂದೂ ಇಳಿಸಿಲ್ಲ. ತಾಯಿ ಮಗಳಿಗೆ ಅಡ್ಡ ನಿಂತೆ. ಎರಡನೇ ತಾಟು ನನ್ನ ಬಲಭುಜದ ಎಲುಬಿಗೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು.

"ಇನ್ನೂ ಇದ್ರೆ ಎಸೀರಿ," ಎಂದೆ. "ಇಲ್ಲೇ ಇದ್ದೇನೆ."

ಮಾತಾಡಿದ್ದು ಕಲ್ಲವ್ವ. ಸೆರಗಿನಿಂದ ಹುಬ್ಬು ಒತ್ತಿ ಹಿಡಿದು ಮೆಲ್ಲಗೆ ಎದ್ದರು. "ನಡಿ ಶಿವಾನಿ. ಇನ್ನ ಈ ಮನ್ಯಾಗ ನಾ ಬಡಸಂಗಿಲ್ಲ."

ಹೊಳಬಸಪ್ಪನ ಕೈಯಲ್ಲಿ ಎಸೆಯಲು ಏನೂ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಕಲ್ಲವ್ವನಿಗೆ ಹೊಲಿಗೆ, ನನ್ನ ಬಲಗೈಗೆ ಕತ್ತಿನಿಂದ ಇಳಿಬಿಟ್ಟ ಬಟ್ಟೆಯ ಜೋಳಿಗೆ. ಅಲ್ಲಿಂದ ಹೋಟೆಲಿಗೆ ಬಂದೆವು. ಸಂಕಪ್ಪಣ್ಣ ಏನೂ ಕೇಳದೆ ಬಿಸಿ ಅನ್ನ, ಸಾರು ಬಡಿಸಿದ. ಕಲ್ಲವ್ವ ನಿಧಾನವಾಗಿ ಕಲಸಿದರು. ಒಂದು ತುತ್ತು ಬಾಯಿಗಿಟ್ಟುಕೊಂಡು, ನಾಲಿಗೆಯ ಮೇಲೆ ಬಹಳ ಹೊತ್ತು ಉಳಿಸಿಕೊಂಡರು.

ಎದುರಿಗೆ ಕೂತ ಶಿವಾನಿ ತಟ್ಟೆ ಮುಟ್ಟಿರಲಿಲ್ಲ. "ನೀನೂ ಎತ್ತಿದಿ."

"ಎತ್ತಿದೆ." ಅಡಗಿಕೊಳ್ಳಲು ಯಾರ ದನಿಯೂ ಸಿಗಲಿಲ್ಲ. "ಹೊಡೀಬೇಕು ಅನ್ನಿಸಿತು. ಈಗಲೂ ಅನ್ನಿಸ್ತದೆ."

ಅವಳು ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಅನ್ನ ಕಲಸಿ, ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ತಂದಳು.

"ಎತ್ತಿದ್ದು ನೋಡೇನಿ. ಇಳಿಸಿದ್ದೂ ನೋಡೇನಿ. ಇನ್ನ ಮ್ಯಾಲೂ ಬಾಜೂಕ ಕೂತು ನೋಡಕೋತ ಇರ್ತೀನಿ," ಎಂದಳು. "ಹೂಂ. ಬಾಯಿ ತಗಿ."