ಒಂದೇ ಸಲ ಕೇಳಿದವನು

"ಸುಮ್ಮನಿರ್ತೀರಾ ಸ್ವಲ್ಪ!"

ಹೊಸ ಟೀಚರ್ ಬೆಚ್ಚಿಬಿದ್ದಳು. ಕೆಲಸಕ್ಕೆ ಸೇರಿದ ಮೊದಲ ದಿನವೇ, ಅದೂ ಮಕ್ಕಳ ಎದುರಿಗೆ ಬೈಸಿಕೊಳ್ಳುವುದೇ!

ಬಾಗಿಲಲ್ಲಿ ನಿಂತಿದ್ದ ಉದ್ದನೆಯ ಮನುಷ್ಯ ಅವಳತ್ತ ನೋಡಲೂ ಇಲ್ಲ. ಅವನ ಕಣ್ಣು ಗಾಲಿಕುರ್ಚಿಯಲ್ಲಿದ್ದ ಗುಬ್ಬಿ ಎಂಬ ಮಗುವಿನ ಮೇಲಿತ್ತು. ಮಾತು ಬಾರದ ಆ ಹುಡುಗಿಯ ಮುಂದೆ ಟೀಚರ್ ಎರಡು ಚಿತ್ರ ಹಿಡಿದು, "ಬಣ್ಣ ಬೇಕಾ, ಚೆಂಡು ಬೇಕಾ?" ಎಂದು ಒಂದೇ ಸಮನೆ ಕೇಳುತ್ತಿದ್ದಳು.

"ಒಂದ್ಸಲ ಕೇಳಿ, ಆಮೇಲೆ ಕಾಯಿರಿ. ಮತ್ತೆ ಮತ್ತೆ ಕೇಳಿದ್ರೆ ಪಾಪ, ಅವಳು ಮೊದಲಿಂದ ಯೋಚನೆ ಮಾಡ್ಬೇಕಾಗುತ್ತೆ."

ಟೀಚರ್ ಬಾಯಿ ಮುಚ್ಚಿದಳು. ಎಷ್ಟೋ ಹೊತ್ತಿನ ಮೇಲೆ ಗುಬ್ಬಿಯ ಮಡಚಿದ ಬೆರಳುಗಳು ನಡುಗುತ್ತಾ ಬಂದು ಬಣ್ಣದ ಚಿತ್ರವನ್ನು ಮುಟ್ಟಿದವು. ಟೀಚರ್ ಕಣ್ಣು ತುಂಬಿ ಬಂತು. ಸಿಟ್ಟು ಮಾತ್ರ ಹಾಗೇ ಇತ್ತು!

ಅವನು ಆ ಪುಟ್ಟ ಸರ್ಕಾರಿ ವಿಶೇಷ ಶಾಲೆಯಲ್ಲಿ ಮಕ್ಕಳಿಗೆ ಮಾತು ಕಲಿಸುವವನು. ತಾನೇ ಮಾತಾಡುವುದು ಕಡಿಮೆಯಾದ್ದರಿಂದ ಎಲ್ಲರೂ ತಮಾಷೆಗೆ ಅವನನ್ನು ಮಾತಿನ ಮೇಷ್ಟ್ರು ಎನ್ನುತ್ತಿದ್ದರು.

"ದಿನಕ್ಕೆ ನಾಲ್ಕು ಮಾತಾಡೋರು ಅವರು. ಅದರಲ್ಲಿ ನಿಮಗೂ ಸಿಕ್ತಲ್ಲ, ಪುಣ್ಯ ಮಾಡಿದ್ರಿ ಬಿಡಿ!" ಎಂದು ಆಯಮ್ಮ ನಕ್ಕಳು.

ಸಿಟ್ಟು ಯಾವಾಗ ಕರಗಿತೋ ಅವಳಿಗೇ ತಿಳಿಯಲಿಲ್ಲ. ಜೊಲ್ಲು ಒರೆಸುವಾಗಲೂ ಮಗುವಿಗೆ "ಒರೆಸ್ಲಾ?" ಎಂದು ಕೇಳುವ ಗಂಡಸನ್ನು ಅವಳು ಎಲ್ಲೂ ಕಂಡಿರಲಿಲ್ಲ. ಬರಬರುತ್ತಾ, ಅವನು ರಜೆ ಹಾಕಿದ ದಿನ ಅವಳಿಗೆ ಊಟವೇ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ನಲ್ಲಿಯ ಹತ್ತಿರ ಮಕ್ಕಳ ಕುಂಚಗಳನ್ನು ತೊಳೆಯುತ್ತಿದ್ದರು. ಅವನು ಇದ್ದಕ್ಕಿದ್ದಂತೆ ಕೇಳಿಬಿಟ್ಟ.

"ನನ್ನನ್ನ ಮದುವೆ ಆಗ್ತೀರಾ?"

'ಹೂಂ' ಎನ್ನುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಮನೆಯಲ್ಲಿದ್ದ ಅಣ್ಣನ ಮುಖ ಕಣ್ಮುಂದೆ ಬಂತು.

ವಯಸ್ಸಿಗೆ ಅವಳಿಗಿಂತ ದೊಡ್ಡವನು, ಬುದ್ಧಿಗೆ ಪುಟ್ಟ ಮಗು. ಊಟ, ಸ್ನಾನ ಎಲ್ಲವೂ ಅವಳ ಕೈಯಲ್ಲೇ ಆಗಬೇಕು. ಅಮ್ಮ ಸಾಯುವಾಗ ಅವನ ಕೈಯನ್ನು ಇವಳ ಕೈಯಲ್ಲಿಟ್ಟು ಕಣ್ಣು ಮುಚ್ಚಿದ್ದಳು. ಬಂದ ಒಂದು ಸಂಬಂಧವೂ, "ಹುಡುಗಿ ಓಕೆ, ಆದ್ರೆ ಆ ಅಣ್ಣ..." ಎಂದು ಮುರಿದುಬಿದ್ದಿತ್ತು.

ಇವರೂ ಹಾಗೇ ಅಂದರೆ? ಇವರ ಬಾಯಲ್ಲಿ ಆ ಮಾತು ಕೇಳುವ ಶಕ್ತಿ ನನಗಿಲ್ಲ...

ಗಂಟೆ ಹೊಡೆಯಿತು. ಅವಳು ಏನೂ ಹೇಳದೆ ತರಗತಿಗೆ ಓಡಿದಳು.

ಮತ್ತೊಮ್ಮೆ ಕೇಳಲಿ, ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ರಾತ್ರಿಯೆಲ್ಲಾ ಧೈರ್ಯ ತಂದುಕೊಂಡಳು. ಅವನು ಕೇಳಲಿಲ್ಲ. ಮರುದಿನವೂ ಇಲ್ಲ, ಆ ತಿಂಗಳೂ ಇಲ್ಲ. ಎದುರಾದರೆ ಸುಮ್ಮನೆ ನೋಡುತ್ತಿದ್ದ, ಅಷ್ಟೇ.

ಅಣ್ಣನ ವಿಷಯ ಯಾರೋ ಅವರ ಕಿವಿಗೆ ಹಾಕಿರಬೇಕು. ಎಲ್ಲರೂ ಒಂದೇ! ಅವಳು ಅವನೊಡನೆ ಮಾತು ಬಿಟ್ಟಳು. ಮನೆಗೆ ಹೋಗಿ ಅಣ್ಣನಿಗೆ ತುತ್ತು ಕೊಡುತ್ತಾ ಅಳುತ್ತಿದ್ದಳು. ಅಣ್ಣನೂ ಅವಳನ್ನು ನೋಡಿ ಅಳುತ್ತಿದ್ದ.

ಅಷ್ಟರಲ್ಲಿ ಶಾಲೆ ಮುಚ್ಚುವ ಆದೇಶ ಬಂತು. ಮಕ್ಕಳು ಕಡಿಮೆ ಎಂದು ಊರಿನ ಆ ತುದಿಯ ದೊಡ್ಡ ಶಾಲೆಗೆ ಇದನ್ನು ಸೇರಿಸಿದರು. ಅವಳಿಗೆ ಅಲ್ಲೇ ಕೆಲಸ, ಅವನಿಗೆ ದೂರದ ಊರಿಗೆ ವರ್ಗ.

ಕೊನೆಯ ದಿನ ಗುಬ್ಬಿಯನ್ನು ಕರೆದೊಯ್ಯಲು ಅವಳ ತಾಯಿ ಬಂದಿದ್ದಳು.

"ಅಷ್ಟು ದೂರ ಈ ಕುರ್ಚಿ ತಳ್ಕೊಂಡು ಹೇಗೆ ಹೋಗ್ಲಿ ಮೇಡಂ? ಇನ್ಮೇಲೆ ಮನೇಲೇ ಇರ್ತಾಳೆ ಬಿಡಿ."

ಗಾಲಿಕುರ್ಚಿ ಗೇಟು ದಾಟಿತು. ಟೀಚರ್ ಖಾಲಿ ತರಗತಿಗೆ ಬಂದು ಗೋಡೆಯ ಚಿತ್ರಗಳನ್ನು ಕೀಳತೊಡಗಿದಳು. ಅವನೂ ಬಂದು ಪಕ್ಕದಲ್ಲಿ ನಿಂತ. ಅವಳು ಕಿತ್ತ ಚಿತ್ರಗಳನ್ನು ಒಂದೊಂದಾಗಿ ಜೋಡಿಸಿಡತೊಡಗಿದ. ಅವಳಿಗೆ ಸಹಿಸಲಾಗಲಿಲ್ಲ.

"ಒಂದ್ಸಲ ಕೇಳಿ ಕೈಬಿಟ್ರಲ್ಲ ಸರ್... ಅಷ್ಟೇನಾ ನಾನು?"

ಅವನು ಕಕ್ಕಾಬಿಕ್ಕಿಯಾದ.

"ಕೈಬಿಟ್ನಾ? ನಾನಿನ್ನೂ ಕಾಯ್ತಾ ಇದ್ದೀನಿ!"

"ಏನು?"

"ಎರಡನೇ ಸಲ ಕೇಳಿದ್ರೆ ಒತ್ತಾಯ ಮಾಡಿದ ಹಾಗಾಗುತ್ತೆ, ನಿಮ್ಮ ಉತ್ತರ ನಿಮ್ಮದಾಗಿರಲ್ಲ ಅನ್ನಿಸ್ತು. ಅದಕ್ಕೇ..."

"ಅಯ್ಯೋ! ನಾನೇನು ಗುಬ್ಬೀನಾ ಸರ್?" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನೀವು ಕೇಳ್ಲಿ ಅಂತ ನಾನು ಕಾಯ್ತಿದ್ದೆ. ನಮ್ಮಣ್ಣನ ವಿಷಯ ಗೊತ್ತಾಗಿ ಹಿಂದೆ ಸರಿದ್ರಿ ಅಂದ್ಕೊಂಡೆ..."

"ಗೊತ್ತಾದ ಮೇಲೇ ಕೇಳಿದ್ದು ನಾನು."

ಅವಳು ಕೈಯಲ್ಲಿದ್ದ ಚಿತ್ರವನ್ನು ಕೆಳಗಿಟ್ಟಳು.

"ಒಂದಿನ ಬಸ್ ನಿಲ್ದಾಣದಲ್ಲಿ ನಿಮ್ಮಿಬ್ಬರನ್ನ ನೋಡಿದೆ. ಅವರು ಬಸ್ಸು ಹತ್ತೋಕೆ ಹೆದರ್ತಿದ್ರು. ನೀವು 'ಹೆದರ್ಬೇಡ ಅಣ್ಣ' ಅಂತ ಬಸ್ಸು ಬಿಟ್ಟು, ಅವರ ಜೊತೆ ನೆಲದ ಮೇಲೆ ಕೂತ್ಕೊಂಡ್ರಿ. ಮನೆಗೆ ಹೋದ್ರೂ ಅದೇ ಕಣ್ಣಿಗೆ ಕಟ್ಟಿದ ಹಾಗಿತ್ತು. ಮರುದಿನವೇ ಕೇಳಿದೆ."

ಅವಳು ಮಕ್ಕಳ ಪುಟ್ಟ ಬೆಂಚಿನ ಮೇಲೆ ಕುಸಿದು ಕುಳಿತು ಬಿಕ್ಕಿಬಿಕ್ಕಿ ಅತ್ತಳು. ಎಷ್ಟು ದಿನಗಳನ್ನು ಇಬ್ಬರೂ ವ್ಯರ್ಥ ಮಾಡಿಕೊಂಡರು! ಈಗ ಅವನು ಹೊರಡುವ ಹೊತ್ತು.

"ಆಗ್ತೀನಿ," ಎಂದಳು ಅಳುವಿನ ನಡುವೆಯೇ. "ಆದ್ರೆ ಅಣ್ಣ ಆ ಮನೆ ಬಿಟ್ಟು ಬೇರೆಲ್ಲೂ ಇರಲ್ಲ. ನಾನೂ ಅವನನ್ನ ಬಿಟ್ಟು ಬರಲ್ಲ."

"ಬರ್ಬೇಡಿ. ನಾನೇ ಬಂದು ಹೋಗ್ತೀನಿ, ಮತ್ತೆ ಈ ಊರಿಗೆ ವರ್ಗ ಆಗೋವರೆಗೆ."

"ಅದು ಯಾವ ಕಾಲಕ್ಕೋ..."

"ಯಾವ ಕಾಲಕ್ಕೋ," ಎಂದು ಅವನೂ ಒಪ್ಪಿಕೊಂಡ.

ಆ ಸಂಜೆ ಅವನು ಅವಳ ಮನೆಗೆ ಬಂದ. ಹೊಸ ಮುಖ ಕಂಡದ್ದೇ ತಡ, ಅಣ್ಣ ಕಿರುಚಿ ಒಳಗೆ ಓಡಿ ಕೋಣೆಯ ಚಿಲಕ ಹಾಕಿಕೊಂಡ. ಎಷ್ಟು ಕರೆದರೂ ತೆಗೆಯಲಿಲ್ಲ. ಅವನಿಗೆ ಇನ್ನಷ್ಟು ಹೆದರಿಕೆಯಾಗದಿರಲಿ ಎಂದು ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. ಒಳಗಿನಿಂದ ಅಣ್ಣನ ಅಳು ಕೇಳಿಸುತ್ತಿತ್ತು.

"ನೋಡಿದ್ರಲ್ಲ," ಎಂದಳು ತಲೆ ತಗ್ಗಿಸಿ. "ಯಾವತ್ತೂ ಬಾಗಿಲು ತೆಗೀದೇ ಇದ್ರೆ?"

"ಮುಂದಿನ ಶನಿವಾರ ಮತ್ತೆ ಬರ್ತೀನಿ."

"ಆಗ್ಲೂ ತೆಗೀದೇ ಇದ್ರೆ?"

"ಇಲ್ಲೇ ಮೆಟ್ಟಿಲ ಮೇಲೆ ಇರ್ತೀನಿ. ನೀವು ಹೊರಗೆ ಬರ್ತೀರಲ್ಲ, ಸಾಕು."

ಅವಳು ಮೆಲ್ಲಗೆ ಅವನ ಭುಜಕ್ಕೆ ತಲೆಯಾನಿಸಿದಳು.

"ಬರ್ತೀನಿ ರೀ..."

"ಸರ್ ಅನ್ನೋದು ಮುಗೀತಾ?"

"ಮುಗೀತು."