ಅಗ್ಗದ ರೈಫಲ್ಲಿನ ಗುಣದೋಷ

ಐಸಿ ಮಲಿನ್ಸ್ ಹಿತ್ತಲ ಬಾಗಿಲಿನಿಂದ ಒಳಗೆ ಬಂದವಳೇ, ನೀರು ತೊಟ್ಟಿಕ್ಕುತ್ತಿದ್ದ ಟೋಪಿಯನ್ನೂ ತೆಗೆಯದೆ, "ಡೆಲ್ಫಿಯಾ, ನಾನೊಬ್ಬ ಮನುಷ್ಯನ್ನ ಕೊಂದಿದೀನಾ ಇಲ್ವಾ, ನೀನೇ ಹೇಳಬೇಕು" ಎಂದಳು.

ಡೆಲ್ಫಿಯಾ ನನ್ನ ತೀರಿಹೋದ ಹೆಂಡತಿಯ ಅಕ್ಕ. ನಮ್ಮ ಕೌಂಟಿಯ ಪೊಲೀಸಿನಲ್ಲಿ ಪತ್ತೆ ಕೆಲಸ ಮಾಡಿ ನಿವೃತ್ತಳಾದವಳು. ನಿವೃತ್ತಿ ಎನ್ನುವುದು ಹೆಸರಿಗೆ ಮಾತ್ರ. ಈ ಬೆಟ್ಟಗಳ ನಡುವೆ ಏನು ಕಳೆದರೂ, ಯಾರು ಸತ್ತರೂ ಜನ ಮೊದಲು ಅವಳ ಅಡುಗೆಮನೆಗೇ ಬರುತ್ತಿದ್ದರು. ಅವಳ ಕಣ್ಣು ಮಂಜಾದ ಮೇಲೆ ಅವಳ ಗಾಡಿ ಓಡಿಸುವ ಕೆಲಸ ನನ್ನದಾಗಿತ್ತು.

ಡೆಲ್ಫಿಯಾ ಐಸಿಯ ಮುಂದೆ ಒಂದು ತಟ್ಟೆ ಬೀನ್ಸ್ ಇಟ್ಟಳು. "ಮೊದಲು ತಿನ್ನು. ಲೋಂಜೊ ಬ್ರಾಗ್ ವಿಷಯ ತಾನೇ?"

ಅದೇ ವಿಷಯ. ಜಿಂಕೆ ಬೇಟೆ ಶುರುವಾದ ಸೋಮವಾರ ಸಂಜೆ ಲೋಂಜೊ ಮರದ ಮೇಲಿನ ತನ್ನ ಬೇಟೆ ಅಟ್ಟಣಿಗೆಯ ಹತ್ತಿರ ಸತ್ತಿದ್ದ. ಮಂಗಳವಾರ ಬೆಳಿಗ್ಗೆ ಅವನ ಗೆಳೆಯ ಕೋಯ್ ಸೈಜ್‌ಮೋರ್ ಹೆಣವನ್ನು ಕಂಡ. ಏಣಿಯ ಬುಡದಲ್ಲಿ ಲೋಂಜೊ, ಪಕ್ಕದಲ್ಲಿ ಅವನ ಹೊಸ ರೈಫಲ್. ನಳಿಗೆಯಲ್ಲಿ ಹಾರಿದ ತೋಟಾದ ಖಾಲಿ ಕೊಳವೆ. ಗುಂಡು ಕೆಳಗಿನಿಂದ ಹೊಕ್ಕು ಬೆನ್ನಿನಿಂದ ಆಚೆ ಹೋಗಿತ್ತು. ಏಣಿ ಹತ್ತುವಾಗ ರೈಫಲ್ ಕೈಜಾರಿ ಬಿದ್ದು ತಾನಾಗಿ ಹಾರಿದೆ ಎಂದು ಕೌಂಟಿಯ ಪೊಲೀಸ್ ಡೆಪ್ಯುಟಿ ಹಾರ್ಲೆಸ್ ಬರೆದುಕೊಂಡಿದ್ದ.

"ಆ ರೈಫಲ್ ಮಾರಿದ್ದು ನಾನು" ಎಂದಳು ಐಸಿ. "ಅಂಗಡೀಲಿರೋದ್ರಲ್ಲೆಲ್ಲ ಅಗ್ಗದ್ದು. 'ಐಸಿ ಕಸ ಮಾರಿ ಮನುಷ್ಯನ್ನ ಕೊಂದಳು' ಅಂತ ಊರೆಲ್ಲ ಅಂತಿದೆ. ಚರ್ಚಿನಲ್ಲಿ ನನ್ನ ಪಕ್ಕ ಕೂರೋರಿಲ್ಲ."

"ಕಸಾನಾ ಅದು?"

ಐಸಿ ಚಮಚ ಕೆಳಗಿಟ್ಟಳು. "ಸುಳ್ಳು ಹೇಳಲ್ಲ. ಹಿಡಿ ಪ್ಲಾಸ್ಟಿಕ್ಕು, ಹಿಂಡಿದ್ರೆ ಬಗ್ಗತ್ತೆ. ತೋಟಾ ತುಂಬೋ ಬೋಲ್ಟ್ ಎಳೆದ್ರೆ ಜಲ್ಲಿ ಮೇಲೆ ಮಂಚ ಎಳೆದ ಹಾಗೆ ಸದ್ದು. ಹೊಳಪಿನ ಲೇಪ ತೆಳು, ಎಣ್ಣೆ ಕಾಣಿಸದೆ ಇಟ್ರೆ ಒಂದು ರಾತ್ರಿ ತೇವಕ್ಕೇ ತುಕ್ಕು. ಲೋಂಜೊಗೆ ಎಣ್ಣೆ ಹಾಕಪ್ಪ ಅಂತ ಬಾಯಿ ನೋಯೋವರೆಗೂ ಹೇಳಿದೆ, ಅವನು ನಕ್ಕ. ಆದ್ರೆ ನಳಿಗೆ ಚಿನ್ನ. ಗುಂಡು ನೆಟ್ಟಗೆ ಹೋಗತ್ತೆ. ಟ್ರಿಗರ್ ಒಳಗೆ ಇನ್ನೊಂದು ಸಣ್ಣ ಅಲಗಿದೆ. ಬೆರಳು ಅದನ್ನೂ ಸೇರಿಸಿ ಒತ್ತಿದ್ರೆ ಮಾತ್ರ ಹಾರೋದು. ಲೋಂಜೊ ಮತ್ತೆ ಅವನ ತಮ್ಮನ ಮಗ ಡೆನ್ಜಿಲ್ ಮಾತು ಬಿಟ್ಟಿದ್ರೂ ಒಂದೇ ದಿನ ಒಂದೊಂದು ತಗೊಂಡ್ರು. ಖಾಲಿ ರೈಫಲ್ಲಿನ ಬೋಲ್ಟ್ ಎಳೆದು, ಇಬ್ಬರ ಎದುರೂ ನೆಲಕ್ಕೆ ಕುಟ್ಟಿ ತೋರಿಸಿದೀನಿ. ಮಿಸುಕಲಿಲ್ಲ."

"ಕೋಯ್ ಇದ್ನಾ ಆಗ?"

"ಅವನಾ? ತಾತನ ವಾಲ್‌ನಟ್ ಮರದ ಹಿಡಿಯ ರೈಫಲ್ ಇರೋ ದೊರೆ ನನ್ನ ಅಂಗಡಿಗೆ ಕಾಲಿಡ್ತಾನಾ!"

ಮರುದಿನ ನಾವು ಡೆಪ್ಯುಟಿಯ ಕಚೇರಿಗೆ ಹೋದೆವು. ಹಾರ್ಲೆಸ್ ಒಂದು ಕಾಲಕ್ಕೆ ಡೆಲ್ಫಿಯಾಳ ಕೈಕೆಳಗೆ ಕೆಲಸ ಕಲಿತವನು. "ಮಿಸ್ ಡೆಲ್ಫಿಯಾ, ಇದರಲ್ಲಿ ಪತ್ತೆ ಮಾಡೋಕೆ ಏನಿದೆ?" ಎನ್ನುತ್ತಲೇ ಬೀರು ತೆಗೆದ. "ತಂದ ತಕ್ಷಣ ಎಲ್ಲಾನೂ ಹೀಟರ್ ಹತ್ತಿರ ಒಣಗಿಸಿದೆ. ಒರೆಸಿಲ್ಲ, ಉಜ್ಜಿಲ್ಲ."

ರೈಫಲ್ ಜೊತೆಗೆ ಒಂದು ಸುತ್ತಿಗೆ ಮತ್ತು ಸಣ್ಣ ಚೀಲದಲ್ಲಿ ಒಂದು ಹಿಡಿ ಮೊಳೆ ಇದ್ದವು. ಮೊಳೆಗಳು ಹೆಣದ ಪಕ್ಕದ ತರಗೆಲೆಯಲ್ಲಿ ಚೆಲ್ಲಿಕೊಂಡಿದ್ದವಂತೆ. ಡೆಲ್ಫಿಯಾ ರೈಫಲ್ಲನ್ನು ಕಿಟಕಿಗೆ ಹಿಡಿದು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಬಟ್ಟೆಯಿಂದ ನಳಿಗೆ ಒರೆಸಿ ಬಟ್ಟೆಯನ್ನು ನನಗೆ ತೋರಿಸಿದಳು. ಎಣ್ಣೆಯ ಜಿಡ್ಡಿರಲಿಲ್ಲ. ಆಮೇಲೆ ಮೊಳೆಗಳನ್ನು ಅಂಗೈಗೆ ಸುರಿದುಕೊಂಡಳು. ಇಟ್ಟಿಗೆ ಬಣ್ಣದ ಪುಡಿ ಕೈಗೆ ಅಂಟಿತು.

"ಹಳೇ ಮೊಳೆ" ಎಂದೆ.

"ಕೇಳೋಣ" ಎಂದಳು.

ಐಸಿಗೆ ಫೋನು ಮಾಡಿದೆ. ಆ ಮೊಳೆಗಳನ್ನು ಸೋಮವಾರ ಮಧ್ಯಾಹ್ನ ಲೋಂಜೊನೇ ಅವಳ ಅಂಗಡಿಯಿಂದ ಒಯ್ದಿದ್ದ. ಹೊಸ ಡಬ್ಬಿ ಒಡೆದು ಕೊಟ್ಟದ್ದು. ಏಣಿಯ ಮೆಟ್ಟಿಲು ಸಡಿಲವಾಗಿದೆ, ಬಡಿಯಬೇಕು ಎಂದಿದ್ದನಂತೆ.

ಅಲ್ಲಿಂದ ಬ್ರಾಗ್‌ಗಳ ಬೇಟೆ ಗುಡಿಸಲಿಗೆ ಹೋದೆವು. ಸೋಮವಾರ ಅಲ್ಲಿದ್ದವರು ಮೂವರೇ: ಲೋಂಜೊ, ಕೋಯ್, ಡೆನ್ಜಿಲ್. ಡೆನ್ಜಿಲ್ ಮಧ್ಯಾಹ್ನದಿಂದ ಬೆಟ್ಟದ ಆ ಮಗ್ಗುಲಲ್ಲಿ ಕೂತಿದ್ದವನು, ಕತ್ತಲಾದ ಮೇಲೆ ಬಂದಿದ್ದ. "ದೊಡ್ಡಪ್ಪ ಮನೆಗೆ ಹೋದ ಅಂದ್ರು ಕೋಯ್. ಮನೇಲಿ ದೊಡ್ಡಮ್ಮ ನೆಟ್ಟಿ, ಅವನು ಗುಡಿಸಲಲ್ಲೇ ಉಳಿದಿದಾನೆ ಅಂದ್ಕೊಂಡ್ರು. ಹಾಗಾಗಿ ಯಾರೂ ಹುಡುಕಲಿಲ್ಲ" ಎಂದು ಹೇಳಿ ತಲೆ ತಗ್ಗಿಸಿದ. ಬೇಟೆನಾಯಿಯೊಂದನ್ನು ಮಾರಿದ ಜಗಳದಲ್ಲಿ ಬೇಸಿಗೆಯಿಂದ ಅವನಿಗೂ ದೊಡ್ಡಪ್ಪನಿಗೂ ಮಾತು ಬಿಟ್ಟಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯ.

ಕೋಯ್ ನಮಗೆ ಕಾಫಿ ಬಗ್ಗಿಸಿಕೊಟ್ಟ. ದೊಡ್ಡ ದೇಹದ, ಮೆಲುಮಾತಿನ ಮನುಷ್ಯ. ಹೊಸಬರಿಗೆ ಬೇಟೆಯ ನಿಯಮ ಕಲಿಸುತ್ತಿದ್ದವನು. ಕೊಂಬು ಕಣ್ಣಿಗೆ ಬೀಳದೆ ಒಮ್ಮೆಯೂ ಟ್ರಿಗರ್ ಮುಟ್ಟಿಲ್ಲ ಎಂದು ಹೆಮ್ಮೆಪಡುತ್ತಿದ್ದವನು.

"ಲೋಂಜೊ ರೈಫಲ್ಲನ್ನ ಹೆಗಲಿಗೆ ಹಾಕ್ಕೊಂಡು ಅಟ್ಟಣಿಗೆ ಕಡೆ ಹೋಗಿದ್ದನ್ನ ನಾನೇ ನೋಡಿದೆ. ಅಲ್ಲಿಂದಲೇ ಮನೆಗೆ ಹೋದ ಅಂದ್ಕೊಂಡೆ" ಎಂದ. "ಬೇಡ ಕಣೋ ಅಂತ ಎಷ್ಟು ಸಲ ಹೇಳಿದೆ ಗೊತ್ತಾ ಮಿಸ್ ಡೆಲ್ಫಿಯಾ? ಅಂಥ ಆಟಿಕೆ, ಪಕ್ಕದಲ್ಲಿ ಸೀನಿದ್ರೂ ಹಾರತ್ತೆ."

"ಸೋಮವಾರ ರಾತ್ರಿ ಮಳೆ ಬಿಟ್ಟಿತ್ತಾ?"

"ಎಲ್ಲಿ ಬಿಡ್ತು! ಸಂಜೆ ಹಿಡಿದಿದ್ದು ಬೆಳಗಾದ್ರೂ ಸುರೀತಾನೇ ಇತ್ತು."

ವಾಪಸಾಗುವ ದಾರಿಯಲ್ಲಿ ಡೆಲ್ಫಿಯಾ ಐಸಿಯ ಅಂಗಡಿಯಿಂದ ಅದೇ ಜಾತಿಯ ಇನ್ನೊಂದು ರೈಫಲ್ಲನ್ನೂ ಅದೇ ಡಬ್ಬಿಯ ಮೊಳೆಗಳನ್ನೂ ತಂದಳು. ರೈಫಲ್ಲಿನ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಎರಡನ್ನೂ ನಮ್ಮ ಸೇಬಿನ ಮರದ ಕೆಳಗೆ ಮಳೆಯಲ್ಲಿ ಮಲಗಿಸಿದಳು. "ಅತ್ತಿಗೆ, ಇದೇನು ಹುಚ್ಚು?" ಎಂದೆ. ಅವಳು ಒಳಗೆ ಹೋಗಿ ದೀಪ ಆರಿಸಿದಳು. ಬೆಳಿಗ್ಗೆ ಅವಳಿಗಿಂತ ಮೊದಲು ಅಂಗಳಕ್ಕೆ ಓಡಿದವನು ನಾನೇ.

ಅಂದು ಮಧ್ಯಾಹ್ನ ಐಸಿಯ ಅಂಗಡಿಯ ಒಲೆಯ ಸುತ್ತ ಎಲ್ಲರೂ ಸೇರಿದರು. ಲೋಂಜೊನ ಹೆಂಡತಿ ನೆಟ್ಟಿ ಗಂಡನ ಹಳೆಯ ಕೋಟು ಹೊದ್ದು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಡೆಲ್ಫಿಯಾ ಎರಡು ರೈಫಲ್ಲುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಕಪ್ಪಗೆ ಶುಭ್ರವಾಗಿತ್ತು. ಇನ್ನೊಂದರ ನಳಿಗೆಯ ಉದ್ದಕ್ಕೂ, ಬೋಲ್ಟಿನ ತಲೆಯ ಮೇಲೂ ಕೆಂಗಂದು ಚುಕ್ಕೆಗಳು ಎದ್ದಿದ್ದವು.

"ತುಕ್ಕು ಹಿಡಿದಿರೋದು ನಿನ್ನೆ ರಾತ್ರಿ ನನ್ನ ಅಂಗಳದಲ್ಲಿ ಮಲಗಿದ್ದು" ಎಂದಳು. "ಶುಭ್ರವಾಗಿರೋದು ಲೋಂಜೊದು. ಎಣ್ಣೆ ಕಾಣದ ರೈಫಲ್. ರಾತ್ರಿಯೆಲ್ಲ ಮಳೇಲಿ ಬಿದ್ದಿತ್ತು ಅಂತೀರಿ, ಒಂದು ಚುಕ್ಕೆ ಇಲ್ಲ. ಅದೇ ಜಾಗದಲ್ಲಿ ಬಿದ್ದ ಹೊಸ ಮೊಳೆಗಳು ನೋಡಿದ್ರೆ ನನ್ನ ಅಂಗಳದ ಮೊಳೆಗಳ ಹಾಗೇ ಕೆಂಪಾಗಿವೆ. ಅಂದ್ರೆ ಮೊಳೆ ರಾತ್ರಿ ಅಲ್ಲಿತ್ತು, ರೈಫಲ್ ಇರಲಿಲ್ಲ. ಲೋಂಜೊ ಹೋಗಿದ್ದು ಏಣಿ ರಿಪೇರಿಗೆ, ಸುತ್ತಿಗೆ ಹಿಡಿದು. ರೈಫಲ್ ಗುಡಿಸಲಲ್ಲೇ ಇತ್ತು. ಬೆಳಗಿನ ಜಾವ ಯಾರೋ ಅದನ್ನ ಒಯ್ದು, ಒಂದು ಗುಂಡು ಹಾರಿಸಿ, ಹೆಣದ ಪಕ್ಕ ಇಟ್ರು. ಬೇಟೆ ಕಾಲ, ಬೆಟ್ಟದ ತುಂಬ ಗುಂಡಿನ ಸದ್ದು, ಯಾರು ಕೇಳ್ತಾರೆ?"

ಹಾರ್ಲೆಸ್ ಡೆನ್ಜಿಲ್ ಕಡೆ ತಿರುಗಿದ. "ಗುಡಿಸಲಲ್ಲಿದ್ದೋನು ನೀನು. ಮಾತು ಬಿಟ್ಟಿದ್ದೋನು ನೀನು. ಅಂಥದೇ ರೈಫಲ್ ಇರೋದೂ ನಿನ್ನ ಹತ್ರ."

"ಅಂಥದೇ ಇರೋದ್ರಿಂದಲೇ ಅವನಲ್ಲ" ಎಂದಳು ಡೆಲ್ಫಿಯಾ. "ಕೋಯ್, ಇದು ಹೇಗೆ ಹಾರಿತು ಅಂದೆ?"

"ಬಿತ್ತು, ಹಾರಿತು. ಅಗ್ಗದ ಮಾಲು ಇನ್ನೇನಾಗತ್ತೆ?"

ಡೆಲ್ಫಿಯಾ ತುಕ್ಕು ಹಿಡಿದ ರೈಫಲ್ ಖಾಲಿಯಿದೆಯೆಂದು ಹಾರ್ಲೆಸ್‌ಗೆ ತೋರಿಸಿದಳು. ಬೋಲ್ಟ್ ಎಳೆದು, ಹಿಡಿಯನ್ನು ನೆಲಕ್ಕೆ ದಬ್ಬೆಂದು ಕುಟ್ಟಿದಳು. ಮತ್ತೆ ಮತ್ತೆ ಕುಟ್ಟಿದಳು. ಕಪಾಟಿನ ಡಬ್ಬಿಗಳು ಅದುರಿದವು. ರೈಫಲ್ ಮಾತ್ರ ಟಿಕ್ ಎನ್ನಲಿಲ್ಲ. ಕೊನೆಗೆ ಬೆರಳಿಟ್ಟು ಒತ್ತಿದಳು. ಟಿಕ್.

ಕೋಯ್ ಮುಂದೆ ಬಾಗಿ ಟ್ರಿಗರನ್ನೇ ನೋಡಿದ.

"ಡೆನ್ಜಿಲ್ ಇದನ್ನ ಕಣ್ಣಾರೆ ಕಂಡೋನು" ಎಂದಳು ಡೆಲ್ಫಿಯಾ. "ಅವನು ಸುಳ್ಳು ಕಟ್ಟಬೇಕಿದ್ರೆ ಇನ್ನೇನಾದ್ರೂ ಕಟ್ಟುತ್ತಿದ್ದ. ಬಿದ್ರೆ ಹಾರತ್ತೆ ಅಂತ ನಂಬಿದ್ದೋನು ಗುಡಿಸಲಲ್ಲಿ ಒಬ್ಬನೇ. ರೈಫಲ್ಲಿನ ದೋಷ, ಈ ಆಟ ಯಾರೋ ಹೂಡಿದ್ದು ಅಂತ ಹೇಳ್ತು. ರೈಫಲ್ಲಿನ ಗುಣ, ಹೂಡಿದ್ದು ನೀನು ಅಂತ ಹೇಳ್ತು. ಕೋಯ್, ಅದನ್ನ ಹೀಯಾಳಿಸೋ ಬದಲು ಒಂದು ಸಲ ಕೈಲಿ ಹಿಡಿದು ನೋಡಿದ್ದಿದ್ರೆ ನೀನು ಸಿಕ್ಕಿಬೀಳ್ತಿರಲಿಲ್ಲ."

ಕೋಯ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ. "ನಾನು ಕೆಳಗೆ ಇಳಿಜಾರಲ್ಲಿದ್ದೆ, ಬೆಳಕಿರಲಿಲ್ಲ" ಎಂದ. "ಕಂದು ಬಣ್ಣ ಅಲ್ಲಾಡಿತು. ಬೇಟೆಗಾರರು ದೂರಕ್ಕೆ ಕಾಣ್ಲಿ ಅಂತ ಹಾಕೋ ಕಿತ್ತಳೆ ಅಂಗಿ ಅವನು ಹಾಕಿರಲಿಲ್ಲ. ನಾನು ಕೊಂಬು ನೋಡಲಿಲ್ಲ. ಜೀವಮಾನದಲ್ಲಿ ಅದೊಂದೇ ಸಲ ನೋಡಲಿಲ್ಲ. ಹೋಗಿ ನೋಡಿದ್ರೆ ಲೋಂಜೊ. ಉಸಿರಿರಲಿಲ್ಲ."

"ಆಗಲೇ ಬಂದು ಹೇಳಿದ್ರೆ ಆಕಸ್ಮಿಕ ಅಂತ ಬರ್ಕೋತಿದ್ದೆನಲ್ಲೋ" ಎಂದ ಹಾರ್ಲೆಸ್.

"ಪಾಠ ಹೇಳೋ ಕೋಯ್ ಮನುಷ್ಯನ್ನ ಜಿಂಕೆ ಅಂದ್ಕೊಂಡ ಅಂತ ಊರೆಲ್ಲ ನಗತ್ತೆ ಅನ್ಸಿತು."

ಡೆನ್ಜಿಲ್ ಎದ್ದು ನಿಂತ. "ಆ ಮೆಟ್ಟಿಲು ದೊಡ್ಡಪ್ಪನ ಭಾರಕ್ಕೆ ಸಾಕಾಗ್ತಿತ್ತು. ನಾಳೆ ಅಲ್ಲಿ ಕೋಯ್ ಕೂರ್ತಾನೆ, ದಪ್ಪ ಮನುಷ್ಯ, ಬಿದ್ದುಗಿದ್ದಾನು, ಬಡೀಬೇಕು ಅಂತ ಬೆಳಿಗ್ಗೆ ತನ್ನಷ್ಟಕ್ಕೇ ಗೊಣಗಿಕೊಳ್ತಿದ್ದ."

ಕೋಯ್ ಮುಖ ಮುಚ್ಚಿಕೊಂಡ. ಐಸಿ ಬಾಯಿಗೆ ಕೈ ಒತ್ತಿ ಕಿಟಕಿಯ ಕಡೆ ತಿರುಗಿದಳು. ಅಪವಾದ ಕಳೆದ ಸಮಾಧಾನ ಅವಳ ಮುಖದಲ್ಲಿ ನನಗೆ ಕಾಣಲಿಲ್ಲ.

ನೆಟ್ಟಿ ಮೂಲೆಯಿಂದ ಎದ್ದು ಕೋಯ್ ಮುಂದೆ ಬಂದು ನಿಂತಳು.

"ಗುಂಡು ಹಾರಿಸಿದ್ದನ್ನ ಕ್ಷಮಿಸ್ತೀನಿ ಕೋಯ್. ಅದು ಯಾರ ಕೈಯಿಂದಲಾದ್ರೂ ಆಗ್ತಿತ್ತು" ಎಂದಳು. "ಆದ್ರೆ ಇಡೀ ರಾತ್ರಿ ಅವನನ್ನ ಮಳೇಲಿ ಬಿಟ್ಟು ನೀನು ಒಳಗೆ ಬೆಚ್ಚಗೆ ಮಲಗಿದ್ದೆ. ಅದನ್ನ ಹೇಗೆ ಕ್ಷಮಿಸ್ಲಿ, ನೀನೇ ಹೇಳು."