ಸಿಡಿಲಣ್ಣನ ಮೊದಲ ಪುಸ್ತಕ

ಪೇಪರಿನಲ್ಲಿ ಬಂದ ಚಿತ್ರದಲ್ಲಿ ಸಿಡಿಲಣ್ಣನ ಮೊಣಕೈ ತಪ್ಪಾಗಿತ್ತು. ಹಾರುವವನ ಕೈ ಹಾಗೆ ಮಡಚುವುದಿಲ್ಲ. ಆದೆಪ್ಪನಿಗೆ ಮೈಯೆಲ್ಲ ಉರಿಯಿತು. ಒಂದು ಕಾಲಕ್ಕೆ ಮಕ್ಕಳೆಲ್ಲ ಹುಚ್ಚು ಹಿಡಿದವರಂತೆ ಓದುತ್ತಿದ್ದ ಚಿತ್ರಕತೆಗಳ ವೀರ ಸಿಡಿಲಣ್ಣ. ನಿಂತುಹೋಗಿದ್ದ ಆ ಪುಸ್ತಕಗಳನ್ನು ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಈಗ, ತೊಂಬತ್ತೊಂದನೇ ಇಸವಿಯಲ್ಲಿ, ಹೊಸದಾಗಿ ತರಹೊರಟಿದ್ದರು. ಅವರಿಗೆ ಆದೆಪ್ಪ ಬರೆದು ಕಳಿಸಿದ ಚಿತ್ರಗಳು ಬಿಚ್ಚಿ ನೋಡಿದ ಗುರುತೂ ಇಲ್ಲದೆ ವಾಪಸು ಬಂದಿದ್ದವು. ಸಿಂಧನೂರಿನ ಗೋಡೆಗಳ ಮೇಲೆ ಗೊಬ್ಬರದ ಚೀಲ, ಭತ್ತದ ತೆನೆ ಬರೆಯುವುದರಲ್ಲೇ ಅವನ ಕೈ ಸವೆಯುತ್ತಿತ್ತು.

ಚಿತ್ರದ ಕೆಳಗೊಂದು ಪ್ರಕಟಣೆಯಿತ್ತು. ಮೊದಲ ಪುಸ್ತಕ ಪ್ರಕಾಶಕರ ಬಳಿಯೇ ಉಳಿದಿಲ್ಲ, ತಂದುಕೊಟ್ಟವರಿಗೆ ಕೇಳಿದ ಬಹುಮಾನ. ಆದೆಪ್ಪ ಕೇಳುವುದು ಒಂದೇ: ಹೊಸ ಸಿಡಿಲಣ್ಣನನ್ನು ಬರೆಯುವ ಕೆಲಸ.

ಆ ಪುಸ್ತಕ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಮಸ್ಕಿಯ ಬಸ್‌ಸ್ಟ್ಯಾಂಡಿನ ಪಕ್ಕ ಚಾಂದ್‌ಪಾಷಾನ ಬಾಡಿಗೆ ಪುಸ್ತಕದ ಅಂಗಡಿ. ಚಿಕ್ಕಂದಿನಲ್ಲಿ ಅಲ್ಲೇ ಅದನ್ನು ಓದಿದ್ದ. ಹೋಗಿ ಕೇಳಿದ.

“ಮಾರೂದಿಲ್ಲ ಬೇಟಾ. ನಿನಗ ಮಾರಿದ್ರ ಉಳಿದ ಹುಡುಗ್ರು ಏನ್ ಓದಬೇಕು?”

“ಚಿಂದಿ ಆಗೈತಲ್ಲ ಚಾಚಾ, ಇನ್ನೇನ್ ಓದ್ತಾರ?”

“ಓದಿದ್ದಕ್ಕ ಚಿಂದಿ ಆಗೈತಿ. ಓದಾಕ ಬೇಕಂದ್ರ ಒಯ್ಯಿ. ನಿನಗ ಬಾಡಗಿ ಬ್ಯಾಡ. ತಿರುಗಿ ಕೊಡಾಕ ಬಂದಾಗ ಮಾತ್ರ ಒಂದು ಗಳಿಗಿ ಕುಂತು ಹೋಗು.”

ಮುದುಕನ ತಲೆಯ ಮೇಲೆ ತಂತಿಗೆ ಬಿಡಿ ಹಾಳೆಗಳು ನೇತಾಡುತ್ತಿದ್ದವು. ಪುಸ್ತಕ ತಿರುಗಿ ಕೊಟ್ಟ ಹುಡುಗಿಯೊಬ್ಬಳು ಒಂದನ್ನು ಇಳಿಸಿಕೊಂಡು ನಿಂತಲ್ಲೇ ಓದಿ ನಗುತ್ತಿದ್ದಳು. ಹರಿದ ಹಾಳೆಯನ್ನೂ ಎಸೆಯದ ಜಿಪುಣ, ಎಂದುಕೊಂಡ ಆದೆಪ್ಪ.

ಓದಲೆಂದು ತಂದ ಪುಸ್ತಕವನ್ನು ಇಟ್ಟುಕೊಂಡುಬಿಟ್ಟರೆ ಮುದುಕ ಸಿಂಧನೂರಿಗೇ ಹುಡುಕಿಕೊಂಡು ಬಂದಾನು. ಕಳವೇ ಆಗಿಲ್ಲವೆಂದು ಕಾಣಬೇಕು. ಲಿಂಗಸುಗೂರಿನ ರದ್ದಿ ಅಂಗಡಿಯಲ್ಲಿ ಅಷ್ಟೇ ಅಗಲದ, ಅಷ್ಟೇ ದಪ್ಪದ, ಸಿಡಿಲಣ್ಣನ ಬೇರೊಂದು ಪುಸ್ತಕ ಸಿಕ್ಕಿತು. ಹಾಳೆ ಹೋದವನ್ನೆಲ್ಲ ಬದಿಗೆ ಸರಿಸಿ, ಮೊದಲಿನಿಂದ ಕೊನೆಯವರೆಗೆ ಪೂರ್ತಿಯಿದ್ದದ್ದನ್ನೇ ಆರಿಸಿದ್ದ. ಯಾರೂ ಬೆರಳಿಟ್ಟು ತೋರಿಸುವಂಥ ಕೊರತೆ ಇರಬಾರದು.

ಮುಖಪುಟವನ್ನೂ ಮುಂದಿನ ನಾಲ್ಕಾರು ಪುಟಗಳನ್ನೂ ಕೈಯಿಂದಲೇ ಬರೆದು ಅಂಟಿಸಿದ. ಚಹಾದ ನೀರು ಸವರಿ ಹಳೆಯದು ಮಾಡಿದ. ಶೇಂಗಾ ಎಣ್ಣೆಯ ಬೆರಳಿನಿಂದ ಮೂಲೆಗಳನ್ನು ಉಜ್ಜಿ ನೂರು ಮಕ್ಕಳ ಕೈ ಜಿಡ್ಡು ತಂದ. ಚಾಂದ್‌ಪಾಷಾನ ಅಂಗಡಿಯ ರೆಕ್ಸಿನ್ ಹೊದಿಕೆಯನ್ನು ಅಸಲಿಯಿಂದ ಬಿಚ್ಚಿ, ಅದೇ ದಾರದಿಂದ ನಕಲಿಗೆ ಹೊಲಿದ. ಅಸಲಿಯನ್ನು ಓದುತ್ತ ಕೂಡುವ ಅಗತ್ಯವಿರಲಿಲ್ಲ. ಕತೆ ಅವನಿಗೆ ಬಾಯಿಪಾಠ. ಕೆಲಸ ಮುಗಿದಾಗ ತಾನು ಬರೆದ ಸಿಡಿಲಣ್ಣನ ಮೊಣಕೈ ನೋಡಿ ಕಣ್ಣು ತುಂಬಿ ಬಂತು. ಇಷ್ಟು ಚೆಂದ ಬರೆದದ್ದು, ಬರೆದವನು ಯಾರೆಂದು ಗೊತ್ತಾಗಬಾರದ ಕಡೆಗೇ ಹೋಗಬೇಕಿತ್ತು.

ಅಸಲಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟ. ಮಸ್ಕಿಯಲ್ಲಿ ನಕಲಿ ಒಪ್ಪಿಸಿದರೆ ಮುಂದಿನ ಬಸ್ಸು ಹುಬ್ಬಳ್ಳಿಗೆ.

ಚಾಂದ್‌ಪಾಷಾ ಪುಸ್ತಕ ಇಸಿದುಕೊಂಡು ದಪ್ಪ ಕನ್ನಡಕದ ಹತ್ತಿರ ಹಿಡಿದ. ಮುಖಪುಟ ನೋಡಿದ. ರೆಕ್ಸಿನ್ ಸವರಿದ. “ಜ್ವಾಕಿಲೆ ಇಟ್ಟೀದಿ,” ಎಂದ. ಆದೆಪ್ಪನ ಎದೆ ಹಗುರಾಯಿತು.

“ಬರ್ತೀನಿ ಚಾಚಾ. ಬಸ್ ಬರೂ ಹೊತ್ತಾತು.”

“ಬಸ್ಸಿಗೇನ್ ಬರಗಾಲ? ಕುಂದ್ರಪಾ.” ಮುದುಕ ತಾನು ಕೂತಿದ್ದ ಸ್ಟೂಲನ್ನೇ ಒರೆಸಿ ಮುಂದೆ ತಳ್ಳಿದ.

ಆಮೇಲೆ ತಂತಿಯಿಂದ ಒಂದು ಹಾಳೆ ಬಿಡಿಸಿಕೊಂಡ. “ನೀ ಸಣ್ಣಾಂವ ಇದ್ದಾಗ ಇದು ಇರಲಿಲ್ಲ. ಒಯ್ದೋರು ಪುಸ್ತಕ ತಿರುಗಿ ತರಲಾರದ್ದಕ್ಕ ಎಲ್ಲಾದರದ್ದೂ ಕೊನೀ ಹಾಳಿ ಕಿತ್ತು ಇಟ್ಕೊಂಡೀನಿ. ತಂದು ಕೊಟ್ಟೋರಿಗಷ್ಟ ಕತಿ ಮುಗೀತೈತಿ. ತಗೋ, ಇದು ನಿಂದು.” ಹಾಳೆಯಲ್ಲಿ ಸಿಡಿಲಣ್ಣ ಮುಖವಾಡ ತೆಗೆಯುತ್ತಿದ್ದ. ಕೊಡುವ ಮೊದಲು, ಪ್ರತಿಸಲದ ರೂಢಿಯಂತೆ, ಜೋಡಿ ಸರಿಯಿದೆಯೇ ಎಂದು ನೋಡಲು ಮುದುಕ ಪುಸ್ತಕದ ಹಿಂಬದಿ ತೆರೆದು, ಕಿತ್ತ ಅಂಚನ್ನು ಬೆರಳಿನಿಂದ ಹುಡುಕಿದ. ಅಂಚು ಸಿಗಲಿಲ್ಲ. ಅಲ್ಲೊಂದು ಇಡೀ ಹಾಳೆ ಗಟ್ಟಿಯಾಗಿ ಕೂತಿತ್ತು. ಮುದುಕ ಕೈಯಲ್ಲಿದ್ದ ಹಾಳೆಯನ್ನು ನೋಡಿದ, ಆದೆಪ್ಪನ ತೊಡೆಯ ಮೇಲಿನ ಚೀಲವನ್ನು ನೋಡಿದ. ಗದರಲಿಲ್ಲ. “ಕೊನೀ ಹಾಳಿ ಇಲ್ಲದ ಕೊಟ್ಟಿದ್ನಲ್ಲ ಬೇಟಾ,” ಎಂದ ಮೆತ್ತಗೆ. “ಇದು ಎಲ್ಲಿಂದ ಬಂತು?”